ಡಿಗ್ರಿ ಉಪಯೋಗಕ್ಕೆ ಬರುವ ದಿನ

ಕಾಲೇಜು ಓದಿ ಏನು ಪ್ರಯೋಜನ? ನಮ್ಮ ಕರಾವಳಿಯ ಮುಸ್ಲಿಮ್ ಮನೆಗಳಲ್ಲಿ ಪ್ರತಿ ವರ್ಷ ಪಿಯುಸಿ ಫಲಿತಾಂಶ ಬಂದ ವಾರ ಈ ಪ್ರಶ್ನೆ ಏಳುತ್ತದೆ. ಕೇಳುವವರು ಓದಿನ ವೈರಿಗಳೇನಲ್ಲ. ಮೂರು ವರ್ಷ ಫೀಸು ಕಟ್ಟಿ, ಬಸ್ಸಿನ ಪಾಸು ಮಾಡಿಸಿ, ಕೊನೆಗೂ ಮಗ ಮೊಬೈಲ್ ಅಂಗಡಿಯ ಕೌಂಟರಿನಲ್ಲಿ ನಿಲ್ಲುವುದಾದರೆ ಆ ಮೂರು ವರ್ಷ ಮೊದಲೇ ನಿಲ್ಲಬಾರದೇ ಎಂಬುದು ಅವರ ವಾದ. ಓದಿದವರು ಈ ಮಾತನ್ನು ಕೇಳಿ ನಕ್ಕುಬಿಡುತ್ತಾರೆ. ನಗುವ ಮಾತಲ್ಲ ಇದು. ಮನೆಯಲ್ಲಿ ದುಡಿಯುವ ಕೈ ಒಂದೇ ಇರುವಾಗ ಮೂರು ವರ್ಷ ಎಂದರೆ ಸಣ್ಣ ಮೊತ್ತವಲ್ಲ. ನಾನು ಲೆಕ್ಕ ಬರೆದು ಬದುಕುವವನು. ಆದ್ದರಿಂದ ಈ ಲೆಕ್ಕವನ್ನೂ ಜಮೆ-ಖರ್ಚು ಎರಡೂ ಕಡೆ ತುಂಬಿಸಿ ನೋಡಬೇಕೆನಿಸಿತು.

ನನಗೆ ಹಾಗೆನ್ನಿಸಲು ಕಾರಣ ನನ್ನ ಅಕ್ಕನ ಮಗ. ಪಿಯುಸಿ ಕಾಮರ್ಸಿನಲ್ಲಿ ಒಳ್ಳೆಯ ಅಂಕ ತೆಗೆದವನು. ಭಾವ ಇಪ್ಪತ್ತೆರಡು ವರ್ಷ ಗಲ್ಫಿನಲ್ಲಿ ದುಡಿದು, ಆರೋಗ್ಯ ಕೆಟ್ಟು ಊರಿಗೆ ಬಂದಿದ್ದಾರೆ. ಮನೆ ಕಟ್ಟಿದ ಸಾಲ ಇನ್ನೂ ಬಾಕಿ ಇದೆ. ಹೀಗಿರುವಾಗ ಸಂಬಂಧಿಕರೊಬ್ಬರು ಶಾರ್ಜಾದ ಒಂದು ಸೂಪರ್ ಮಾರ್ಕೆಟಿಗೆ ವೀಸಾ ಕೊಡಿಸುತ್ತೇನೆಂದರು. ಹುಡುಗ ನನ್ನಲ್ಲಿಗೆ ಬಂದು ನೇರವಾಗಿಯೇ ಕೇಳಿದ: “ಮಾಮ, ನೀವು ಬಿ.ಕಾಂ. ಮಾಡಿದವರು. ನಿಜ ಹೇಳಿ, ಅದರಿಂದ ನಿಮಗೆ ಏನು ಸಿಕ್ಕಿತು?” ಉಪದೇಶ ಕೇಳಲು ಬಂದವನಲ್ಲ ಅವನು. ಹಾಗಾಗಿ ನನ್ನ ಕೆಲಸದ ಮೂವತ್ತು ವರ್ಷಗಳನ್ನು ಅವನ ಮುಂದಿಡಬೇಕಾಯಿತು.

ನಾನು ಬಿ.ಕಾಂ. ಮುಗಿಸಿದ್ದು 1994ರಲ್ಲಿ. ನಮ್ಮ ಕುಟುಂಬದಲ್ಲಿ ಪದವಿ ಪಡೆದ ಮೊದಲಿಗ ನಾನೇ. ಆ ಕಾಲದಲ್ಲಿ ಕರಾವಳಿಯಲ್ಲಿ ಬಿ.ಕಾಂ. ಎಂದರೆ ಬ್ಯಾಂಕ್ ಕೆಲಸ ಎಂದೇ ಅರ್ಥ. ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಕೆನರಾ, ಕಾರ್ಪೊರೇಶನ್, ಸಿಂಡಿಕೇಟ್, ವಿಜಯಾ - ಈ ನಾಲ್ಕೂ ಬ್ಯಾಂಕುಗಳು ಹುಟ್ಟಿದ್ದು ಇಲ್ಲಿಯೇ. ಕಾರ್ಪೊರೇಶನ್ ಬ್ಯಾಂಕನ್ನು 1906ರಲ್ಲಿ ಉಡುಪಿಯಲ್ಲಿ ಸ್ಥಾಪಿಸಿದವರು ಹಾಜಿ ಅಬ್ದುಲ್ಲಾ ಸಾಹೇಬರು. ನಾನೂ ಎಲ್ಲರಂತೆ ಬ್ಯಾಂಕ್ ಪರೀಕ್ಷೆ ಬರೆದೆ. ಸಾವಿರಾರು ಮಂದಿ ಬರೆಯುವ ಪರೀಕ್ಷೆ. ಎರಡು ಸಲವೂ ಹೆಸರು ಬರಲಿಲ್ಲ. ಕೊನೆಗೆ ಸೇರಿದ್ದು ಮಂಗಳೂರು ಬಂದರಿನ ಒಂದು ಹಾರ್ಡ್‌ವೇರ್ ಸಗಟು ಅಂಗಡಿಗೆ, ಲೆಕ್ಕದ ರೈಟರಿಗೆ ಸಹಾಯಕನಾಗಿ.

ಆ ರೈಟರು ಎಂಟನೆಯ ತರಗತಿಗೆ ಶಾಲೆ ಬಿಟ್ಟವರು. ಮೂವತ್ತು ವರ್ಷಗಳಿಂದ ಅದೇ ಮೇಜಿನಲ್ಲಿ ಕುಳಿತವರು. ಉದ್ದಕ್ಕೆ ಬರೆದ ಮೂವತ್ತು ಅಂಕಿಗಳ ಮೇಲೆ ಪೆನ್ಸಿಲ್ ಆಡಿಸುತ್ತಾ ಇಳಿದರೆ ಕೆಳಗೆ ಬರುವಷ್ಟರಲ್ಲಿ ಮೊತ್ತ ಸಿದ್ಧವಾಗಿರುತ್ತಿತ್ತು. ಯಾವ ಗಿರಾಕಿಯ ಉದ್ರಿ ಎಷ್ಟು, ಯಾರು ಹಬ್ಬಕ್ಕೆ ಮುಂಚೆ ಕೊಡುತ್ತಾರೆ, ಯಾರ ಚೆಕ್ಕನ್ನು ನಂಬಬಾರದು ಎಂಬುದೆಲ್ಲ ಅವರಿಗೆ ಬಾಯಿಪಾಠ. ಕಾಲೇಜಿನಲ್ಲಿ ಕಂಪೆನಿಗಳ ವಿಲೀನದ ಲೆಕ್ಕ, ಷೇರು ಮುಟ್ಟುಗೋಲಿನ ಲೆಕ್ಕ ಮಾಡಿ ಬಂದಿದ್ದ ನನಗೆ ಲಾರಿ ರಶೀದಿ ಓದುವುದನ್ನು, ಬ್ಯಾಂಕಿನ ಚಲನ್ ತುಂಬುವುದನ್ನು, ಬಾಕಿ ಕೇಳಲು ಫೋನ್ ಮಾಡಿದಾಗ ದನಿ ಹೇಗಿರಬೇಕೆಂಬುದನ್ನು ಕಲಿಸಿದವರು ಅವರು. “ಪುಸ್ತಕದಲ್ಲಿ ಇಲ್ಲದ್ದು ಬೇಕಾದಷ್ಟು ಉಂಟು ಮಾರಾಯ” ಎಂದು ನಗುತ್ತಿದ್ದರು. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎಂಬ ಗಾದೆ ಅವರನ್ನು ನೋಡಿಯೇ ಹುಟ್ಟಿರಬೇಕು ಅನ್ನಿಸುತ್ತಿತ್ತು.

ಆ ದಿನಗಳಲ್ಲಿ ಯಾರಾದರೂ ನನ್ನನ್ನು ಕೇಳಿದ್ದರೆ, ಕೆಲಸಕ್ಕೆ ಕಾಲೇಜು ಬೇಕಾಗಿಲ್ಲ ಎಂದೇ ಹೇಳುತ್ತಿದ್ದೆ. ಅಂಗಡಿಯಲ್ಲಿ ನನ್ನ ಬಿ.ಕಾಂ.ಗೆ ಪ್ರತ್ಯೇಕ ಬೆಲೆ ಏನೂ ಇರಲಿಲ್ಲ. ಪಿಯುಸಿ ಮುಗಿಸಿ ನನಗಿಂತ ಮೂರು ವರ್ಷ ಮೊದಲು ಸೇರಿದ್ದ ಹುಡುಗನ ಸಂಬಳ ನನಗಿಂತ ಹೆಚ್ಚಿತ್ತು. ಅದು ನ್ಯಾಯವೂ ಆಗಿತ್ತು. ಅವನಿಗೆ ಗೋದಾಮಿನ ಪ್ರತಿಯೊಂದು ಮೂಲೆಯೂ ಗೊತ್ತಿತ್ತು.

ಚಿತ್ರ ಬದಲಾದದ್ದು 2005ರಲ್ಲಿ. ಆ ವರ್ಷ ಏಪ್ರಿಲ್ 1ರಿಂದ ಕರ್ನಾಟಕದಲ್ಲಿ ವ್ಯಾಟ್ ಬಂತು. ಅದಕ್ಕೆ ಮೊದಲು 1957ರ ಮಾರಾಟ ತೆರಿಗೆ ಕಾನೂನಿನಲ್ಲಿ ಬಹುತೇಕ ಸರಕುಗಳಿಗೆ ಒಂದೇ ಹಂತದಲ್ಲಿ ತೆರಿಗೆ. ಅದು ನಮ್ಮ ಕೈಗೆ ಬರುವ ಮೊದಲೇ ಬೆಲೆಯಲ್ಲಿ ಸೇರಿರುತ್ತಿತ್ತು. ವ್ಯಾಟ್‌ನಲ್ಲಿ ಹಾಗಲ್ಲ. ಪ್ರತಿ ಹಂತದಲ್ಲೂ ತೆರಿಗೆ, ಆದರೆ ಕೊಳ್ಳುವಾಗ ಕೊಟ್ಟದ್ದನ್ನು ಮಾರುವಾಗ ಕಳೆಯಬಹುದು. 100 ರೂಪಾಯಿಯ ಪೇಂಟ್ ಡಬ್ಬಿ ಕೊಂಡಾಗ ಶೇಕಡಾ 12.5ರಂತೆ 12 ರೂಪಾಯಿ 50 ಪೈಸೆ ತೆರಿಗೆ ಕೊಡುತ್ತೇವೆ. ಅದನ್ನೇ 120ಕ್ಕೆ ಮಾರಿ 15 ರೂಪಾಯಿ ವಸೂಲು ಮಾಡುತ್ತೇವೆ. ಸರಕಾರಕ್ಕೆ ಕಟ್ಟಬೇಕಾದ್ದು ವ್ಯತ್ಯಾಸದ 2 ರೂಪಾಯಿ 50 ಪೈಸೆ ಮಾತ್ರ. ಕೇಳಲು ಇಷ್ಟೇ. ಆದರೆ ಪುಸ್ತಕದಲ್ಲಿ ಆ 12 ರೂಪಾಯಿ 50 ಪೈಸೆ ಎಲ್ಲಿ ಕೂರಬೇಕು? ಅದು ಸರಕಿನ ಬೆಲೆಯಲ್ಲ, ಖರ್ಚೂ ಅಲ್ಲ. ಸರಕಾರದಿಂದ ನಮಗೆ ಬರಬೇಕಾದ ಹಣ, ಅಂದರೆ ಆಸ್ತಿ.

ರೈಟರಿಗೆ ಇಲ್ಲಿ ಕಾಲು ತಡೆಯಿತು. ಮೂವತ್ತು-ನಲವತ್ತು ವರ್ಷ ತೆರಿಗೆಯನ್ನು ಸರಕಿನ ಬೆಲೆಯೊಳಗೇ ಸೇರಿಸಿ ಬರೆದ ಕೈ ಅದು. ಇಲಾಖೆ ಕಳಿಸಿದ ಸುತ್ತೋಲೆಯನ್ನು ಎರಡು ಸಲ ತಿರುವಿ ನೋಡಿ ನನ್ನ ಕಡೆಗೆ ಸರಿಸಿದರು. “ಲೆಕ್ಕ ನನಗೆ ಗೊತ್ತುಂಟು. ಈ ಕಾನೂನು ಓದಲಿಕ್ಕೆ ಬರುವುದಿಲ್ಲ. ನೀನು ಓದಿ ಹೇಳು” ಎಂದರು. ಆ ಮಾತಿನಲ್ಲಿ ಸಣ್ಣತನವಿರಲಿಲ್ಲ, ಆದರೆ ನೋವಿತ್ತು. ಬುದ್ಧಿಯಲ್ಲಿ ಅವರು ನನಗಿಂತ ಎಷ್ಟೋ ಮೇಲಿನವರು. ಇಲ್ಲದ್ದು ಒಂದೇ: ಅಚ್ಚಾದ ಉದ್ದದ ವಾಕ್ಯವೊಂದನ್ನು ಹೆದರದೆ ಬಿಡಿಸಿ, “ಆದಾಗ್ಯೂ”, “ಒಳಪಟ್ಟು” ಎಂಬ ಪದಗಳನ್ನು ದಾಟಿ, ಕೊನೆಗೆ ಏನು ಮಾಡಬೇಕೆಂದು ಹೇಳುವ ಅಭ್ಯಾಸ.

ಆ ಅಭ್ಯಾಸ ನನಗೆ ಎಲ್ಲಿಂದ ಬಂತು? ಕಾಲೇಜಿನಲ್ಲಿ ವ್ಯಾಟ್ ಕಲಿಸಿರಲಿಲ್ಲ. ನಾನು ಓದುವಾಗ ಅದು ಇರಲೇ ಇಲ್ಲ. ಆದರೆ ಆಸ್ತಿಗೂ ಖರ್ಚಿಗೂ ಇರುವ ಭೇದವನ್ನು ಒಬ್ಬ ಉಪನ್ಯಾಸಕರು ಒಂದು ವಾರ ಬೋರ್ಡಿನ ಮೇಲೆ ಹಾಕಿ ಹಾಕಿ ತಲೆಗೆ ಹತ್ತಿಸಿದ್ದರು. ಮರ್ಕೆಂಟೈಲ್ ಲಾ ಎಂಬ ವಿಷಯದಲ್ಲಿ 1872ರ ಕರಾರು ಕಾಯಿದೆಯ ಕಲಮುಗಳನ್ನು ಓದಿ, ಒಂದೊಂದಕ್ಕೂ ಉದಾಹರಣೆ ಬರೆಯಬೇಕಿತ್ತು. ಕನ್ನಡ ಮಾಧ್ಯಮದಿಂದ ಹೋಗಿದ್ದ ನಾನು ನಿಘಂಟು ಪಕ್ಕದಲ್ಲಿಟ್ಟುಕೊಂಡು ಗ್ರಂಥಾಲಯದಲ್ಲಿ ಕೂತು ಅದನ್ನು ಓದಿದ್ದೆ. ಆಗ ಅದು ಪರೀಕ್ಷೆಯ ಕಾಟ. ಹನ್ನೊಂದು ವರ್ಷದ ನಂತರ ಅದೇ ನನ್ನ ಬಂಡವಾಳವಾಯಿತು. ನಮ್ಮ ಅಂಗಡಿಯ ಲೆಕ್ಕ ಮುಗಿಸಿ ಪಕ್ಕದ ನಾಲ್ಕು ಅಂಗಡಿಗಳ ಲೆಕ್ಕವನ್ನೂ ಬರೆಯತೊಡಗಿದೆ. ಎರಡು ವರ್ಷದಲ್ಲಿ ಧಣಿಯ ಒಪ್ಪಿಗೆಯಿಂದಲೇ ಸ್ವಂತ ಮೇಜು ಹಾಕಿಕೊಂಡೆ. ರೈಟರು ನಿವೃತ್ತರಾಗುವ ತನಕ ಸಂಜೆ ಬಂದು ನನ್ನ ಲೆಕ್ಕದ ಕೂಡುವಿಕೆ ಪರೀಕ್ಷಿಸುತ್ತಿದ್ದರು. ನಾವಿಬ್ಬರೂ ಒಬ್ಬರಿಗೊಬ್ಬರು ಬೇಕಾಗಿದ್ದೆವು.

2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಇದೇ ಕತೆ ಇನ್ನೂ ದೊಡ್ಡದಾಗಿ ನಡೆಯಿತು. ಬಿಲ್ಲು, ರಿಟರ್ನ್ ಎಲ್ಲವೂ ಕಂಪ್ಯೂಟರಿಗೆ ಹೋದವು. ತಿಂಗಳ 20ನೇ ತಾರೀಕು ಎಂದರೆ ಅಂಗಡಿಯವರಿಗೆ ಎದೆ ಬಡಿದುಕೊಳ್ಳುವ ದಿನವಾಯಿತು. ಆಗ ಪದವಿಯ ಇನ್ನೊಂದು ಉಪಯೋಗವೂ ಕಣ್ಣಿಗೆ ಬಿತ್ತು. ಇತರರ ಪರವಾಗಿ ರಿಟರ್ನ್ ಸಲ್ಲಿಸುವ ಜಿಎಸ್‌ಟಿ ಪ್ರಾಕ್ಟೀಷನರ್ ಆಗಿ ನೋಂದಾಯಿಸಲು ವಾಣಿಜ್ಯ, ಕಾನೂನು ಮುಂತಾದ ವಿಷಯಗಳ ಪದವಿ ಕೇಳುತ್ತಾರೆ. ಇಲ್ಲವೇ ಹಳೆಯ ಕಾನೂನಿನಡಿ ಐದು ವರ್ಷ ತೆರಿಗೆ ಪ್ರಾಕ್ಟೀಷನರ್ ಆಗಿ ಕೆಲಸ ಮಾಡಿರಬೇಕು. ಟ್ಯಾಲಿಯಲ್ಲಿ ನನಗಿಂತ ಚುರುಕಾಗಿ ಕೈ ಓಡಿಸುವ ಹುಡುಗರು ಹಂಪನಕಟ್ಟೆಯ ಸುತ್ತ ಬೇಕಾದಷ್ಟಿದ್ದಾರೆ. ಅವರಲ್ಲಿ ಕೆಲವರು ಇಂದಿಗೂ ಬೇರೊಬ್ಬರ ಹೆಸರಿನಲ್ಲಿ ಕೆಲಸ ಮಾಡುತ್ತಿದ್ದಾರೆ. ಕಾರಣ, ಕೈಯಲ್ಲಿ ಆ ಒಂದು ಕಾಗದವಿಲ್ಲ.

ಆದ್ದರಿಂದ ನನ್ನ ಲೆಕ್ಕದಲ್ಲಿ ಕಾಲೇಜಿನ ಉಪಯೋಗ ಎರಡು. ಒಂದು, ಬಾಗಿಲಲ್ಲಿ ತೋರಿಸುವ ಚೀಟಿ. ಎರಡು, ಕೆಲಸದ ರೀತಿ ಬದಲಾದಾಗ ಮತ್ತೆ ಕಲಿಯುವ ಶಕ್ತಿ. ಮೊದಲ ಕೆಲಸ ಹಿಡಿಯುವುದಕ್ಕೆ, ಅದನ್ನು ಕಲಿಯುವುದಕ್ಕೆ ಕಾಲೇಜಿನಿಂದ ಆಗುವ ಸಹಾಯ ಕಡಿಮೆಯೇ. ಎರಡನೆಯ ಕೆಲಸಕ್ಕೆ, ಹತ್ತು ವರ್ಷದ ನಂತರದ ತಿರುವಿಗೆ ಅದರ ಸಹಾಯ ದೊಡ್ಡದು. ನಮ್ಮವರು ಮೊದಲ ಸಂಬಳದ ದಿನವೇ ಪದವಿಯ ಬೆಲೆ ಕಟ್ಟುತ್ತಾರೆ. ಅಷ್ಟು ಬೇಗ ಕಟ್ಟಿದರೆ ನಷ್ಟವೇ ಕಾಣುತ್ತದೆ.

ಅಂಕಿ-ಅಂಶಗಳೂ ಮೇಲ್ನೋಟಕ್ಕೆ ನಷ್ಟವನ್ನೇ ತೋರಿಸುತ್ತವೆ. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 2024ರಲ್ಲಿ ಹೊರತಂದ ಭಾರತದ ಉದ್ಯೋಗ ವರದಿಯ ಪ್ರಕಾರ 2022ರಲ್ಲಿ ಪದವೀಧರ ಯುವಜನರಲ್ಲಿ ನಿರುದ್ಯೋಗ ಶೇಕಡಾ 29.1. ಓದು ಬರಹ ಬಾರದ ಯುವಜನರಲ್ಲಿ ಅದು ಶೇಕಡಾ 3.4 ಮಾತ್ರ! ನಮ್ಮ ರಾಜ್ಯದಲ್ಲೂ 2023ರ ಡಿಸೆಂಬರಿನಲ್ಲಿ ನೋಂದಣಿ ಆರಂಭವಾದ ಯುವನಿಧಿ ಯೋಜನೆಯಲ್ಲಿ, ಪದವಿ ಮುಗಿಸಿ ಆರು ತಿಂಗಳಾದರೂ ಕೆಲಸ ಸಿಗದವರಿಗೆ ತಿಂಗಳಿಗೆ 3,000 ರೂಪಾಯಿಯಂತೆ ಗರಿಷ್ಠ ಎರಡು ವರ್ಷ ಭತ್ಯೆ ಎಂದು ಗೊತ್ತುಮಾಡಲಾಯಿತು. ಪದವಿ ಸಿಕ್ಕಿದೊಡನೆ ಕೆಲಸ ಸಿಗುವುದಿಲ್ಲವೆಂಬುದನ್ನು ಸರಕಾರವೇ ಒಪ್ಪಿದಂತಾಯಿತಲ್ಲ? ಆದರೆ 3.4 ಎಂಬ ಅಂಕಿಯನ್ನು ಎಚ್ಚರದಿಂದ ಓದಬೇಕು. ಓದದ ಬಡವನಿಗೆ ಮನೆಯಲ್ಲಿ ಕೂತು ಕಾಯುವ ಸೌಕರ್ಯವಿಲ್ಲ. ಕಲ್ಲು ಹೊರುವ ಕೆಲಸ ಸಿಕ್ಕರೂ ಅವನು ಉದ್ಯೋಗಸ್ಥನೇ. ಪದವೀಧರ ತಕ್ಕ ಕೆಲಸಕ್ಕಾಗಿ ಕಾಯುತ್ತಾನೆ, ಅವನ ಮನೆಯವರು ಹೇಗೋ ಅನ್ನ ಹಾಕುತ್ತಾರೆ. ಎಷ್ಟು ದಿನ ಕಾಯುವುದು ಎಂಬುದೇ ನಿಜವಾದ ಪ್ರಶ್ನೆ.

ನಮ್ಮ ಸಮುದಾಯದ ಮಟ್ಟಿಗೆ ಈ ಪ್ರಶ್ನೆಗೆ ಹಳೆಯ ಬೇರುಗಳಿವೆ. 2006ರ ನವೆಂಬರಿನಲ್ಲಿ ಸಲ್ಲಿಕೆಯಾದ ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಸಮಿತಿಯ ವರದಿ, 2001ರ ಜನಗಣತಿಯ ಆಧಾರದಲ್ಲಿ ಒಂದು ಮಾತು ಹೇಳಿತ್ತು. ಇಪ್ಪತ್ತು ವರ್ಷ ಮೀರಿದವರಲ್ಲಿ ಪದವಿ ಅಥವಾ ಡಿಪ್ಲೊಮಾ ಪಡೆದವರು ಒಟ್ಟು ಜನಸಂಖ್ಯೆಯಲ್ಲಿ ಸುಮಾರು ಶೇಕಡಾ 7, ಮುಸ್ಲಿಮರಲ್ಲಿ ಶೇಕಡಾ 4ಕ್ಕಿಂತಲೂ ಕಡಿಮೆ. ಪದವೀಧರರಲ್ಲಿ ನಿರುದ್ಯೋಗ ಮುಸ್ಲಿಮರಲ್ಲೇ ಅತಿ ಹೆಚ್ಚು ಎಂಬುದನ್ನೂ ಅದೇ ವರದಿ ದಾಖಲಿಸಿತ್ತು. ಓದಿದವನಿಗೆ ಕೆಲಸವಿಲ್ಲದ್ದನ್ನು ಕಂಡು ತಮ್ಮಂದಿರು ಓದು ಬಿಡುತ್ತಾರೆ. ತಮ್ಮಂದಿರು ಓದು ಬಿಟ್ಟದ್ದರಿಂದ ಕಚೇರಿಗಳಲ್ಲಿ, ಬ್ಯಾಂಕುಗಳಲ್ಲಿ ನಮ್ಮವರು ಇನ್ನಷ್ಟು ಕಡಿಮೆಯಾಗುತ್ತಾರೆ. ಯಾವ ಪರೀಕ್ಷೆಗೆ ಯಾವಾಗ ಅರ್ಜಿ ಹಾಕಬೇಕೆಂದು ಹೇಳಲು ಮನೆಯಲ್ಲಿ ಯಾರೂ ಇಲ್ಲದಂತಾಗುತ್ತದೆ. ಇದು ಸುತ್ತಿ ಸುತ್ತಿ ಬರುವ ನಷ್ಟ. ರಾಜ್ಯದ ಎಫ್‌ಡಿಎ ಹುದ್ದೆಗಾಗಲಿ, ಬ್ಯಾಂಕಿನ ಕ್ಲರ್ಕ್ ಹುದ್ದೆಗಾಗಲಿ ಪದವಿ ಇಲ್ಲದೆ ಅರ್ಜಿಯನ್ನೇ ಹಾಕುವಂತಿಲ್ಲ. ಎಸ್‌ಡಿಎ ಹುದ್ದೆಗೆ ಪಿಯುಸಿ ಸಾಕು ಎಂಬುದು ನಮ್ಮ ಎಷ್ಟು ಹುಡುಗರಿಗೆ ಗೊತ್ತಿದೆ?

“ನಾವು ಗಲ್ಫಿಗೆ ಹೋಗುವವರು, ನಮಗೆ ಇದೆಲ್ಲ ಯಾಕೆ?” ಎನ್ನುವವರಿಗೂ ಒಂದು ಮಾತು. ಹತ್ತನೆಯ ತರಗತಿ ಪಾಸಾದವನಿಗೆ ವಲಸೆ ತಪಾಸಣೆ ಬೇಡದ ಪಾಸ್‌ಪೋರ್ಟ್ ಸಿಗುತ್ತದೆ. ಅಂದರೆ ವಿಮಾನ ಹತ್ತುವಲ್ಲಿಯೇ ಓದಿನ ಕೆಲಸ ಶುರು. ಎಮಿರೇಟ್ಸ್‌ನಲ್ಲಿ ಮೇಲ್ದರ್ಜೆಯ ಹುದ್ದೆಗಳಿಗೆ ದೃಢೀಕರಿಸಿದ ಪದವಿಪತ್ರ ಬೇಕು. ಊರಿನಲ್ಲಿ ರಾಜ್ಯ ಸರಕಾರ, ದಿಲ್ಲಿಯ ವಿದೇಶಾಂಗ ಸಚಿವಾಲಯ, ಆ ದೇಶದ ರಾಯಭಾರ ಕಚೇರಿ - ಇಷ್ಟೂ ಮುದ್ರೆ ಅದರ ಮೇಲೆ ಬೀಳಬೇಕು. 2019ರ ತನಕ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲು ಸಂಬಳದ ಜೊತೆ ವೀಸಾದಲ್ಲಿ ಬರೆದ ಹುದ್ದೆಯ ಹೆಸರನ್ನೂ ನೋಡುತ್ತಿದ್ದರು. ಆ ವರ್ಷ ನಿಯಮ ಬದಲಾಗಿ, 4,000 ದಿರ್ಹಮ್ ಸಂಬಳ ಅಥವಾ ವಸತಿಯೊಂದಿಗೆ 3,000 ಇದ್ದರೆ ಸಾಕೆಂದಾಯಿತು. ಭಾವ ಅಲ್ಲಿದ್ದ ಕಾಲದಲ್ಲಿ ಅವರ ಹುದ್ದೆ ‘ಸೇಲ್ಸ್‌ಮನ್’. ಇಡೀ ಅಂಗಡಿಯನ್ನು ನೋಡಿಕೊಳ್ಳುತ್ತಿದ್ದವರು ಅವರೇ, ಮ್ಯಾನೇಜರ್ ಎಂಬ ಹೆಸರು ಪದವಿ ಇದ್ದ ಮತ್ತೊಬ್ಬರಿಗೆ. ಮಕ್ಕಳು ದೊಡ್ಡವರಾದದ್ದನ್ನು ಅವರು ನೋಡಿದ್ದು ಎರಡು ವರ್ಷಕ್ಕೊಂದು ರಜೆಯಲ್ಲಿ.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ವಿಚಿತ್ರವಿದೆ. ಈಗ ನಮ್ಮ ಅನೇಕ ಮನೆಗಳಲ್ಲಿ ಅಣ್ಣ ಪಿಯುಸಿಗೆ ನಿಲ್ಲಿಸಿದರೆ ತಂಗಿ ಪದವಿ ಮುಗಿಸುತ್ತಾಳೆ. ಆದರೆ ಆ ಪದವಿಪತ್ರ ಮದುವೆಯ ನಂತರ ಕಪಾಟಿನೊಳಗೆ ಹೋಗುತ್ತದೆ. ನನ್ನ ಕಚೇರಿಯಲ್ಲಿ ಈಗ ರಿಟರ್ನ್ ತಯಾರಿಸುವ ಹೆಂಗಸೊಬ್ಬರು ಬಿ.ಕಾಂ. ಮುಗಿಸಿ ಹನ್ನೊಂದು ವರ್ಷ ಮನೆಯಲ್ಲಿದ್ದವರು. 2020ರ ಕೊರೋನಾದಲ್ಲಿ ಗಂಡನ ಕೆಲಸ ಹೋಗಿ, ವಂದೇ ಭಾರತ್ ವಿಮಾನದಲ್ಲಿ ಅವರು ಊರಿಗೆ ಬಂದರು. ಮೂರು ತಿಂಗಳಲ್ಲಿ ಉಳಿತಾಯ ಮುಗಿಯಿತು. ಈಕೆ ಕಪಾಟಿನಿಂದ ಪದವಿಪತ್ರ ತೆಗೆದು ನನ್ನಲ್ಲಿಗೆ ಬಂದರು. ಜಿಎಸ್‌ಟಿ ಅವರು ಕೇಳಿಯೂ ಇರಲಿಲ್ಲ. ಆರು ವಾರದಲ್ಲಿ ಕಲಿತರು. ಡೆಬಿಟ್ ಕ್ರೆಡಿಟ್ ಗೊತ್ತಿದ್ದವರಿಗೆ ಉಳಿದದ್ದು ಹೊಸ ಹೆಸರುಗಳಷ್ಟೇ. ಆ ಮನೆಯ ಅಡುಗೆ ಒಲೆ ಉರಿದದ್ದು ಹನ್ನೊಂದು ವರ್ಷ ಉಪಯೋಗಕ್ಕೆ ಬಾರದ ಓದಿನಿಂದ.

ಕಾಲೇಜಿನಲ್ಲಿ ಸಿಗುವ ಇನ್ನೊಂದು ವಸ್ತುವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ಪಕ್ಕದ ಬೆಂಚು. ನನ್ನ ಊರಿನಲ್ಲಿ ನೆರೆಯವರೆಲ್ಲ ನಮ್ಮವರೇ. ಬಂಟರ ಹುಡುಗ, ಕೊಂಕಣಿ ಹುಡುಗಿ, ಕ್ರೈಸ್ತ ಹುಡುಗ ನನ್ನ ಜೊತೆ ಕೂತು ಓದಿದ್ದು ಕಾಲೇಜಿನಲ್ಲಿಯೇ. ಎನ್ನೆಸ್ಸೆಸ್ ಶಿಬಿರದಲ್ಲಿ ಒಟ್ಟಿಗೆ ಮಣ್ಣು ಹೊತ್ತಿದ್ದೆವು. ಇವತ್ತು ನನ್ನ ಗಿರಾಕಿಗಳಲ್ಲಿ ಅರ್ಧದಷ್ಟು ಮಂದಿ ಆ ಪರಿಚಯದಿಂದ, ಅದರಿಂದ ಹುಟ್ಟಿದ ಪರಿಚಯದಿಂದ ಬಂದವರು. ಊರೂರುಗಳು ಜಾತಿ ಧರ್ಮದ ಹೆಸರಿನಲ್ಲಿ ಬೇರೆ ಬೇರೆಯಾಗುತ್ತಿರುವ ಈ ಕಾಲದಲ್ಲಿ ಒಬ್ಬ ವ್ಯಾಪಾರಿ ತನ್ನ ಲೆಕ್ಕದ ಪುಸ್ತಕವನ್ನು ಇನ್ನೊಂದು ಸಮುದಾಯದವನ ಕೈಗೆ ಕೊಡುತ್ತಾನೆಂದರೆ ಅದು ದೊಡ್ಡ ನಂಬಿಕೆ. ಆ ನಂಬಿಕೆಯ ಬೀಜ ಬಿದ್ದದ್ದು ತರಗತಿಯಲ್ಲಿ.

ಇಷ್ಟನ್ನೂ ಹುಡುಗನಿಗೆ ಹೇಳಿದೆ. ಆದರೆ ಸಾಲ ಕಟ್ಟಬೇಕಾದ್ದು ಅವನ ಮನೆಯವರು, ನನ್ನ ಮಾತುಗಳಲ್ಲ. ಆದ್ದರಿಂದ ಮೂವರೂ ಕೂತು ಬರೆದು ನೋಡಿದೆವು. ಬ್ಯಾಂಕಿನಲ್ಲಿ ಮಾತನಾಡಿ ಕಂತು ಕಡಿಮೆ ಮಾಡಿಸಿ ಅವಧಿ ಉದ್ದ ಮಾಡಿಸುವುದು. ಜಮಾಅತಿನ ವಿದ್ಯಾರ್ಥಿವೇತನಕ್ಕೂ ಸರಕಾರದ್ದಕ್ಕೂ ಅರ್ಜಿ ಹಾಕುವುದು. ಹುಡುಗ ಬೆಳಿಗ್ಗೆ ಕಾಲೇಜು, ಮಧ್ಯಾಹ್ನದ ಮೇಲೆ ನನ್ನ ಕಚೇರಿಯಲ್ಲಿ ಸಂಬಳಕ್ಕೆ ಕೆಲಸ. ಕರ್ನಾಟಕದಲ್ಲಿ 2021ರಲ್ಲಿ ಬಂದ ನಾಲ್ಕು ವರ್ಷದ ಪದವಿ 2024-25ರಿಂದ ಮತ್ತೆ ಮೂರು ವರ್ಷಕ್ಕೆ ಇಳಿದದ್ದೂ ಅನುಕೂಲವಾಯಿತು. ಕಡಿಮೆ ಬೀಳುವ ಮೊತ್ತ ತಿಂಗಳಿಗೆ ಇಷ್ಟು ಎಂದು ಕಾಗದದ ಮೇಲೆ ಕಂಡಾಗ ಅಕ್ಕ, “ಇಷ್ಟೇಯಾ? ಬೀಡಿ ಕಟ್ಟಿಯಾದರೂ ತೂಗಿಸುತ್ತೇನೆ” ಎಂದಳು. ಭಾವ ಏನೂ ಹೇಳಲಿಲ್ಲ, ಒಳಗೆ ಹೋಗಿ ಮಗನ ಅಂಕಪಟ್ಟಿ ತಂದು ನನ್ನ ಕೈಗಿತ್ತರು. ಅವನೀಗ ಬಿ.ಕಾಂ. ಎರಡನೆಯ ವರ್ಷದಲ್ಲಿದ್ದಾನೆ.

ಎಲ್ಲ ಮನೆಗಳಲ್ಲೂ ಲೆಕ್ಕ ಹೀಗೆ ಕೂಡಿ ಬರುವುದಿಲ್ಲ. ಕಾಯಲಾಗದ ಮನೆಯ ಹುಡುಗ ಕೆಲಸಕ್ಕೆ ಹೋದರೆ ಅವನನ್ನು ಕೀಳಾಗಿ ಕಾಣುವ ಹಕ್ಕು ಯಾರಿಗೂ ಇಲ್ಲ. ಅಂಥವನು ಮುಕ್ತ ವಿಶ್ವವಿದ್ಯಾಲಯದಲ್ಲಿ ಹೆಸರು ನೋಂದಾಯಿಸಲಿ. ಆದರೆ ಆ ವರ್ಷ ಆ ಕೋರ್ಸಿಗೆ ಯುಜಿಸಿ ಮಾನ್ಯತೆ ಇದೆಯೇ, ತಾನು ಹೋಗುವ ದೇಶ ದೂರಶಿಕ್ಷಣದ ಪದವಿಯನ್ನು ಒಪ್ಪುತ್ತದೆಯೇ ಎಂದು ಹಣ ಕಟ್ಟುವ ಮೊದಲೇ ವಿಚಾರಿಸಲಿ. ಕಾಲೇಜಿಗೆ ಹೋಗುವವನೂ ಒಂದು ಮಾತು ನೆನಪಿಡಲಿ. ಗೈಡು ಉರು ಹೊಡೆದು ಪಾಸಾದವನಿಗೆ ಚೀಟಿ ಮಾತ್ರ ಸಿಗುತ್ತದೆ, ಮತ್ತೆ ಕಲಿಯುವ ಶಕ್ತಿ ಸಿಗುವುದಿಲ್ಲ. ವಾರಕ್ಕೆ ಮೂರು ಗಂಟೆ ಗ್ರಂಥಾಲಯದಲ್ಲಿ ಕೂತು, ಪರೀಕ್ಷೆಗೆ ಬಾರದ ಪುಟವನ್ನೂ ಓದುವವನು ಎರಡನ್ನೂ ಪಡೆಯುತ್ತಾನೆ.

ಓದು ಒಕ್ಕಾಲು ಎಂದ ಹಿರಿಯರ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಮುಕ್ಕಾಲು ಬುದ್ಧಿಯನ್ನು ಅಂಗಡಿ ಕಲಿಸುತ್ತದೆ, ಬೀದಿ ಕಲಿಸುತ್ತದೆ, ಕಷ್ಟ ಕಲಿಸುತ್ತದೆ. ಆದರೆ ಆ ಒಕ್ಕಾಲನ್ನು ನಲವತ್ತನೆಯ ವಯಸ್ಸಿನಲ್ಲಿ, ಸಂಸಾರದ ಹೊರೆ ಹೊತ್ತುಕೊಂಡು, ಕೆಲಸ ಹೋದ ದಿನ ಕಲಿಯಲು ಹೊರಡುವುದು ಬಹಳ ಕಷ್ಟ. ಹದಿನೆಂಟರಲ್ಲಿ ಅದು ಅಗ್ಗಕ್ಕೆ ಸಿಗುತ್ತದೆ. ಕೊಳ್ಳಲು ಸಾಧ್ಯವಿರುವ ಮನೆಯವರು ಕೊಂಡಿಡಲಿ.